ಸೆರಗಿನ ಮೇಲಿನ ಎರಡು ಸಾಲು

ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಅಂಗಳದ ಬಿಸಿಲಿನಲ್ಲಿ ಕನ್ನಡಿಯ ಮುಂದೆ ಕೂತಿದ್ದ ಆರ್ತತ್ರಾಣ ಮೆಹೆರನಿಗೆ, ಕತ್ತಿಯನ್ನು ಕೆನ್ನೆಯ ಹತ್ತಿರ ತಂದಾಗಲೆಲ್ಲ ತನ್ನ ಕೈ ತಾನಾಗಿ ಸಣ್ಣಗೆ ಸುತ್ತುತ್ತಿದೆ ಅನ್ನಿಸಿತು. ನಡುಗುವುದಲ್ಲ. ನಡುಗಿದ್ದರೆ ಐವತ್ತೊಂಬತ್ತಕ್ಕೆ ಒಪ್ಪುವಂಥದ್ದೇ, ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ಇದು ಸುತ್ತುವುದು. ಒಂದು ಸೊನ್ನೆ, ಅದರ ಬಾಲ ಹಿಡಿದು ಇನ್ನೊಂದು ಸೊನ್ನೆ, ಅದರ ಹಿಂದೆ ಮತ್ತೊಂದು. ಕತ್ತಿಯನ್ನು ನೀರಿನ ಚೊಂಬಿನ ಮೇಲೆ ಇಟ್ಟು ಬೆರಳು ಮಡಿಸಿ ಬಿಡಿಸಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಮೂವತ್ತೇಳು ವರ್ಷ ಸೀಮೆಸುಣ್ಣ ಹಿಡಿದ ಕೈ, ಊರಿನ ಅರ್ಧ ಜನದ ಅಂಗೈಗೆ ಛಡಿಯೇಟು ಕೊಟ್ಟ ಕೈ. ಕನ್ನಡಿಯ ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದ ಪೋಸ್ಟ್‌ಕಾರ್ಡಿನಲ್ಲಿ ಇವತ್ತಿನ ತಾರೀಕು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು.

"ಏನು, ಮದುವೆ ಗಂಡಾ ನೀನು? ಒಂದು ಕೆನ್ನೆಗೆ ಒಂದು ಗಂಟೆ ಹಿಡಿದ್ರೆ ಅವಳು ಬಂದಾಗ ಅರ್ಧ ಗಡ್ಡದಲ್ಲೇ ಎದುರಿಗೆ ನಿಲ್ತೀಯಾ?" ಎಂದಳು ಹೆಂಡತಿ ಸೇಬತಿ, ಒಲೆಯ ಕಡೆಯಿಂದ. ಅಕ್ಕಿ ಉದ್ದು ರುಬ್ಬಿ ವಡೆ ಕರಿಯುತ್ತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಬರಗಡ ಪಟ್ಟಣದಿಂದ ತಮ್ಮ ಮನೆಗೆ ಬರುತ್ತಾಳೆ, ಅದೂ ಮಾವನ ಹಾಡು ಕೇಳಿಕೊಂಡು, ಎನ್ನುವುದು ಅವಳಿಗೆ ನಾಲ್ಕು ಮನೆಗೆ ಹೇಳಿಕೊಂಡು ಬರುವಷ್ಟು ದೊಡ್ಡ ಸುದ್ದಿ. ಹೇಳಿಕೊಂಡು ಬಂದೂ ಇದ್ದಳು.

ಪೋಸ್ಟ್‌ಕಾರ್ಡನ್ನು ಅವನು ಬಾಯಿಪಾಠ ಆಗುವಷ್ಟು ಸಲ ಓದಿದ್ದ. ಬರೆದವಳು ಕುಮುದಿನಿ ದನ್ಸೇನಾ. ಶಾಲೆಯ ಪುಸ್ತಕಕ್ಕೆ ಸೇರದ ನಮ್ಮ ಕೋಸಲಿ ಮಾತಿನಲ್ಲಿ ಮೊದಮೊದಲು ಹಾಡು ಕಟ್ಟಿದವರು ಯಾರು, ಬರೆದವರು ಯಾರು ಎಂದು ಊರೂರು ಸುತ್ತಿ ಒಂದು ಪುಸ್ತಕ ಮಾಡುತ್ತಿದ್ದೇನೆ; ತಮ್ಮ ತಂದೆ ಲೋಚನ ಮೆಹೆರರು ಮಗ್ಗದ ಮೇಲೆ ಕೂತು ಕಟ್ಟಿದ ಹಾಡುಗಳನ್ನು ತಾವು ಯುವಕರಾಗಿದ್ದಾಗ ಒಂದು ತಿಂಗಳು ಕೂತು ಬರೆದುಕೊಂಡಿದ್ದೀರಿ ಎಂದು ಕೇಳಿದೆ; ಬರೀ ಬಾಯಿಮಾತನ್ನು ನಂಬಿ ಹೆಸರು ಹಾಕುವಂತಿಲ್ಲ, ಆದರೆ ಆ ಬರಹ ಸಿಕ್ಕರೆ ಅವರಿಗೆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಜಾಗ. ಇಡೀ ಕಾಗದ ಆ ಕೋಸಲಿ ಮನೆಮಾತಿನಲ್ಲೇ ಇತ್ತು. ಅದೇ ಅವನಿಗೆ ಮೊದಲು ಚುಚ್ಚಿದ್ದು. ಕಾಲೇಜಿನಲ್ಲಿ ಓದಿಸುವವಳು, ಗುರುತಿಲ್ಲದ ಮೇಷ್ಟರಿಗೆ, ಪುಸ್ತಕದ ಮಾತು ಬಿಟ್ಟು ಅಡಿಗೆಮನೆಯ ಮಾತಿನಲ್ಲಿ ಕಾಗದ ಬರೆಯುತ್ತಾಳೆ, ಒಂದಿಷ್ಟೂ ನಾಚದೆ. ಅವನ ಕ್ಲಾಸಿನಲ್ಲಾಗಿದ್ದರೆ ಹೀಗೆ ಒಂದು ಮಾತು ಬಾಯಿಂದ ಬಿದ್ದರೂ ಕೈ ಮುಂದೆ ಚಾಚಬೇಕಾಗಿತ್ತು. ಒಂದು ಮಾತಿಗೆ ಒಂದು ಛಡಿ. ಕುಂಬಾರರ ಹುಡುಗಿಯೊಬ್ಬಳು ಅಳುತ್ತ ಅಳುತ್ತ "ಮಾ" ಎನ್ನುವುದನ್ನೂ ಪುಸ್ತಕದ ಮಾತಿನಲ್ಲೇ ಅನ್ನಬೇಕೇನೋ ಎಂದು ಬಾಯಿ ಕಚ್ಚಿ ಹಿಡಿದಿದ್ದಳು. ಆ ಮುಖ ಯಾಕೆ ಈಗ ನೆನಪಾಗಬೇಕು? ಅವನು ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ.

ಬರಹ ಇರಲಿಲ್ಲ. ಪುಸ್ತಕವೇನೋ ಇತ್ತು, ರಟ್ಟಿನ ಹೊದಿಕೆಯದು, ಅಪ್ಪ ಸಂತೆಯಿಂದ ತಂದು ಕೊಟ್ಟದ್ದು. ಅವನಿಗಾಗ ಇಪ್ಪತ್ತೊಂದು, ಮೇಷ್ಟರ ಟ್ರೈನಿಂಗ್ ಶಾಲೆಯಿಂದ ರಜೆಗೆ ಬಂದಿದ್ದ. ಮನೆಮಾತಿನ ಹಾಡುಗಳನ್ನು ಯಾವುದೋ ಪತ್ರಿಕೆಯವರು ಅಚ್ಚು ಹಾಕುತ್ತಾರಂತೆ ಎಂದು ನೂಲು ಕೊಡುವ ಸಾಹುಕಾರ ಅಪ್ಪನ ಕಿವಿಗೆ ಹಾಕಿ ಹೋಗಿದ್ದ. ಮಾಘದ ದಿನಗಳು. ಮಧ್ಯಾಹ್ನ ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಬಿಟ್ಟು, ಕೈ ತೊಳೆದುಕೊಂಡು ಅಪ್ಪ ಗುಂಡಿಮಗ್ಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. "ಬಾ ಮಗಾ, ಬರ್ಕೋ." ಒಂದು ಸಾಲು ಹಾಡುವುದು, ನಿಲ್ಲಿಸುವುದು, ಕೇಳುವುದು: "ಬಂತಾ?" "ಬಂತು ಬುವಾ." ಇನ್ನೊಂದು ಸಾಲು. "ಬಂತಾ?" "ಬಂತು." ಮೊದಲ ದಿನ ನಾಲ್ಕು ಸಾಲು ನಿಜವಾಗಿಯೂ ಬರೆದಿದ್ದ. ಬರೆದದ್ದನ್ನು ನೋಡಿದಾಗ ಮೈಯೆಲ್ಲ ಬಿಸಿಯಾಗಿತ್ತು. ಅಪ್ಪನ ಲಂಗೋಟಿಯನ್ನು ಶಾಲೆಯ ಮುಂದೆ ಒಣಹಾಕಿದ ಹಾಗೆ. ಆ ಮಾತುಗಳು ಬಾಯಲ್ಲಿದ್ದಾಗ ಯಾರಿಗೂ ಕಾಣುತ್ತಿರಲಿಲ್ಲ, ಅಕ್ಷರವಾದೊಡನೆ ಕಾಣತೊಡಗಿದವು. ಪತ್ರಿಕೆಯಲ್ಲಿ ಬಂದರೆ ಹಾಸ್ಟೆಲಿನಲ್ಲಿರುವ, ಪುಸ್ತಕದ ಮಾತೇ ಮನೆಮಾತಾದ ಕಟಕದ ಕಡೆಯ ಹುಡುಗರು ಓದುತ್ತಾರೆ, ಕೆಳಗೆ ಹೆಸರೂ ಇರುತ್ತದೆ, "ಏನಪ್ಪಾ ಮೆಹೆರ, ನಿಮ್ಮಪ್ಪ ದೊಡ್ಡ ಕವಿಯಂತೆ, ಲುಂಗಿಯ ಮೇಲೂ ಬರೀತಾರಾ?" ಎನ್ನುತ್ತಾರೆ. ಆ ನಾಲ್ಕು ಸಾಲಿನ ಹಾಳೆಯನ್ನು ಹರಿದು ಒಲೆಗೆ ಹಾಕಿದ. ಎರಡನೆಯ ದಿನದಿಂದ ಸೊನ್ನೆ ಸುತ್ತತೊಡಗಿದ. ನಮ್ಮ ಲಿಪಿಯೇ ದುಂಡಗಿನದು, ದೂರದಿಂದ ನೋಡಿದರೆ ಎಲ್ಲ ಸೊನ್ನೆಗಳೇ. ಅಕ್ಷರ ಬಾರದ ಅಪ್ಪನಿಗೆ ಏನು ಗೊತ್ತಾಗಬೇಕು? "ಬಂತಾ?" "ಬಂತು ಬುವಾ." ಒಂದು ತಿಂಗಳು, ನಲವತ್ತು ಪುಟ. ಕಿವಿಯೂ ಆ ಹಾಡುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬೇಡ ಎಂದು ನಿರ್ಧಾರ ಮಾಡಿದ ಕಿವಿ ಎಷ್ಟು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ! ಈಗ ತಲೆಕೆಳಗಾಗಿ ನಿಂತರೂ ಒಂದು ಸಾಲು ನೆನಪಿಗೆ ಬರದು.

ಪೋಸ್ಟ್‌ಕಾರ್ಡು ಬಂದ ಮರುದಿನವೇ ಅವನು ಅಂಗಡಿಯಿಂದ ಒಂದು ನೋಟ್‌ಬುಕ್ಕು ತಂದು, ಹಳೆಯದರಂತೆ ಕಾಣಲಿ ಎಂದು ಚಹಾದ ನೀರಿನಲ್ಲಿ ಒದ್ದೆ ಮಾಡಿ ಒಣಗಿಸಿದ್ದ. ತಾನೇ ಕಟ್ಟಿಬಿಡೋಣ ಎಂದು. ಏನು ಮಹಾ, ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಪ್ರಾರ್ಥನಾ ಗೀತೆ ಬರೆದವನು ತಾನು. ಎರಡು ಬೆಳಗು ಪೆನ್ಸಿಲ್ ಹಿಡಿದು ಕೂತ. ಹೆಂಡತಿಯನ್ನು ಬೈಯುವಾಗ, ಎಮ್ಮೆಯನ್ನು ಕರೆಯುವಾಗ, ಮೀನಿನ ಚೌಕಾಸಿ ಮಾಡುವಾಗ ನೀರಿನಂತೆ ಬರುವ ಮಾತು ಕಾಗದದ ಮುಂದೆ ಒಂದೂ ಬರಲಿಲ್ಲ. ಬಂದದ್ದೆಲ್ಲ "ಹೇ ದಯಾಸಿಂಧು". ಪೆನ್ಸಿಲಿನ ತುದಿ ತಾನಾಗಿ ಸೊನ್ನೆ ಸುತ್ತತೊಡಗಿದಾಗ ಬೆಚ್ಚಿ ಎದ್ದುಬಿಟ್ಟಿದ್ದ. ಚಹಾ ಕುಡಿದ ಆ ನೋಟ್‌ಬುಕ್ಕು ಈಗ ಟ್ರಂಕಿನ ತಳದಲ್ಲಿ, ಸೇಬತಿಯ ಕಣ್ಣಿಗೆ ಬೀಳದ ಹಾಗೆ ಇದೆ.

ಕುಮುದಿನಿ ಹನ್ನೊಂದರ ಬಸ್ಸಿಗೆ ಬಂದಳು. ಮೂವತ್ತರ ಆಸುಪಾಸು, ಬಿಸಿಲಿಗೆ ಕಪ್ಪಗಾದ ಮುಖ, ಹೆಗಲಿಗೆ ಬಟ್ಟೆಯ ಚೀಲ. ಅವನು ಕೈ ಮುಗಿಯುವುದರೊಳಗೆ ಬಗ್ಗಿ ಕಾಲು ಮುಟ್ಟಿ, "ಜುಹಾರ್ ಸಾರ್" ಎಂದಳು. ಸೇಬತಿಯ ಕಡೆ ತಿರುಗಿ, "ಕಾಕಿ, ವಡೆ ವಾಸನೆ ಬಸ್‌ಸ್ಟ್ಯಾಂಡಿಗೇ ಬಂದಿತ್ತು. ದಾರಿ ಕೇಳೋದೇ ಬೇಕಾಗ್ಲಿಲ್ಲ" ಎಂದಳು. ಸೇಬತಿ ಅಷ್ಟಕ್ಕೇ ಕರಗಿ ಹೋದಳು.

ಆರ್ತತ್ರಾಣ ಪುಸ್ತಕದ ಮಾತಿನಲ್ಲಿ, "ತಮ್ಮ ಪ್ರಯಾಣ ಸುಖಕರವಾಗಿತ್ತೆಂದು ಭಾವಿಸುತ್ತೇನೆ" ಎಂದ.

"ಸುಖ ಎಲ್ಲಿ ಬಂತು ಸಾರ್, ಪಕ್ಕದಲ್ಲಿ ಒಬ್ಬ ಹುಂಜ ಇಟ್ಕೊಂಡು ಕೂತಿದ್ದ. ದಾರಿ ಪೂರ್ತಿ ನನ್ನ ಮೊಣಕೈ ಕುಕ್ಕಿದ್ದೇ ಕುಕ್ಕಿದ್ದು" ಎಂದು ನಕ್ಕಳು. ಆ ನಗುವಿನಲ್ಲಿ ಅವನನ್ನು ಹಂಗಿಸುವ ಉದ್ದೇಶ ಇರಲಿಲ್ಲ. ಆದರೂ ತನ್ನ ಮಾತು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮೈಮೇಲೆ ಗರಿಗರಿ ಅಂದದ್ದು ಅವನಿಗೆ ತಿಳಿಯಿತು. ವಡೆ ಮುಗಿದವು, ಮಂಡಕ್ಕಿ ಮುಗಿಯಿತು. ಅವಳು ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

"ಅದು ಏನಾಯಿತೆಂದರೆ," ಎಂದು ಅವನೇ ಶುರುಮಾಡಿದ, "ಗೆದ್ದಲು. ಅರವತ್ತೊಂದರ ಮಳೆಗಾಲದಲ್ಲಿ ಆ ಗೋಡೆಗೆ ಗೆದ್ದಲು ಹತ್ತಿತ್ತು. ನಲವತ್ತು ಪುಟ. ಒಂದೂ ಉಳಿಯಲಿಲ್ಲ." ಗೆದ್ದಲು ಹತ್ತಿದ ವರ್ಷವನ್ನು ಹೇಳಿದ್ದು ತನಗೇ ಮೆಚ್ಚುಗೆಯಾಯಿತು. ಮರುಕ್ಷಣವೇ ಅಸಹ್ಯವಾಯಿತು.

ಕುಮುದಿನಿಯ ಮುಖ ಬಾಡಿದ್ದು ಕಣ್ಣಿಗೆ ಕಾಣುವಂತಿತ್ತು. "ಒಂದು ಹಾಳೆ? ಚೂರುಪಾರು? ಸಾರ್, ಎರಡು ಸಾಲಿದ್ರೂ ಸಾಕಿತ್ತು. ಆ ಕಾಲದ್ದು ಅಂತ ತೋರಿಸೋಕೆ ಏನಾದ್ರೂ. ಬರಹ ಇಲ್ಲಾಂದ್ರೆ ನಾನು ಅವರ ಹೆಸರನ್ನ ಎಲ್ಲಿ ಅಂತ ಹಾಕ್ಲಿ?"

"ಇಲ್ಲ."

"ಅಯ್ಯೋ, ಇಲ್ಲ ಅಂತೀಯಲ್ಲ!" ಸೇಬತಿ ಸೌಟು ಹಿಡಿದೇ ಬಂದಳು. "ಗುರುಬಾರಿ ಸೀರೆ ಮರೆತುಹೋಯ್ತಾ? ನೋಡಮ್ಮಾ, ಇವರ ತಂಗಿ ಮದುವೆ ಸೀರೆ. ಸೆರಗಲ್ಲಿ ಮಾವ ತಮ್ಮ ಹಾಡನ್ನೇ ನೂಲಿಗೆ ಕಟ್ಟಿ ನೇಯ್ದಿದಾರೆ. ಅಕ್ಷರ ಅಕ್ಷರ ಕಾಣ್ತದೆ. ಇವರೇ ಬರ್ಕೊಟ್ಟಿದ್ದು. ಗುರುಬಾರಿ ಈಗ ಇಲ್ಲೇ ಹಿಂದಿನ ಬೀದೀಲಿ ಇರೋದು, ಮಾವನ ಹಳೇ ಮಗ್ಗದ ಮನೇಲಿ."

"ಬಟ್ಟೆ ಮೇಲೆ?" ಕುಮುದಿನಿ ಎದ್ದೇ ನಿಂತಳು. "ಆ ಕಾಲದ್ದೇ? ಸಾರ್, ನೀವು ಹೇಳಲೇ ಇಲ್ವಲ್ಲ!"

ಹೇಳುವುದೇನು. ಮೂವತ್ತೆಂಟು ವರ್ಷದಿಂದ ಅವನು ಆ ಸೀರೆಯನ್ನು ಕಾವಲು ಕಾದಿದ್ದ. ತಂಗಿಯ ಮದುವೆ ಗೊತ್ತಾದಾಗ ಅಪ್ಪ ಹೇಳಿದ್ದ, "ಆ ನಲವತ್ತು ಪುಟದಲ್ಲಿ ಲಾಳಿಯ ಹಾಡು ಐತಲ್ಲ, ಅದನ್ನ ಬೇರೆ ಹಾಳೆಗೆ ದೊಡ್ಡದಾಗಿ ಬರ್ಕೊಡು ಮಗಾ, ನಾಲ್ಕು ಸಾಲು. ನೋಡ್ಕೊಂಡು ಕಟ್ತೀನಿ." ಹೊಕ್ಕಿನ ನೂಲನ್ನು ಚೌಕಟ್ಟಿಗೆ ಎಳೆದು, ಬಣ್ಣ ಹಿಡಿಯಬಾರದ ಜಾಗಕ್ಕೆಲ್ಲ ದಾರ ಸುತ್ತಿ ಬಿಗಿದು, ಬಣ್ಣದಲ್ಲಿ ಅದ್ದಿ, ಗಂಟು ಬಿಚ್ಚಿದರೆ ಬಿಳಿ ಉಳಿಯುತ್ತದೆ, ನೇಯುವಾಗ ಎಳೆಗೆ ಎಳೆ ಕೂಡಿ ಮೀನಾಗುತ್ತದೆ, ಶಂಖವಾಗುತ್ತದೆ, ಅಕ್ಷರವೂ ಆಗುತ್ತದೆ. ಅಪ್ಪನಿಗೆ ಅಕ್ಷರ ಮೀನಿನಂಥದೇ ಒಂದು ಚಿತ್ರ. ಓದಲು ಬಾರದಿದ್ದರೂ ಕಟ್ಟಲು ಬರುತ್ತಿತ್ತು. ಅವತ್ತು ಆರ್ತತ್ರಾಣ ಟ್ರೈನಿಂಗ್ ಶಾಲೆಗೆ ಹಿಂತಿರುಗುವ ದಿನ, ಬಸ್ಸು ಹೊರಡುವ ಹೊತ್ತು. ಹಾಡು ಎಲ್ಲಿಂದ ತರುವುದು? ಇನ್ನೊಮ್ಮೆ ಹಾಡು ಎಂದರೆ ಪುಸ್ತಕದಲ್ಲಿ ಇದೆಯಲ್ಲ ಎನ್ನುತ್ತಾನೆ. ಜೇಬಿನಲ್ಲಿ ಒಂದು ರಜೆ ಅರ್ಜಿಯ ಕರಡು ಇತ್ತು. ರಜೆಗೆ ಊರಿಗೆ ಬರುವ ಮುಂಚೆ ಸಂಬಲಪುರದಲ್ಲಿ ನಾಟಕದ ಕಂಪನಿ ಬಂದಾಗ ಎರಡು ದಿನ ತಪ್ಪಿಸಿಕೊಳ್ಳಲು ಬರೆದದ್ದು. ಅದನ್ನೇ ಚೆಂದದ ದುಂಡು ಅಕ್ಷರದಲ್ಲಿ, ನಾಲ್ಕು ಸಾಲಾಗಿ ಒಡೆದು, ಒಂದು ಹಾಳೆಗೆ ಇಳಿಸಿ ಕೊಟ್ಟ. *ಪೂಜ್ಯರ ಸನ್ನಿಧಿಗೆ ಸವಿನಯ ಪ್ರಾರ್ಥನೆ. ನನ್ನ ತಂದೆಯವರು ಅಸ್ವಸ್ಥರಾಗಿರುವ ಕಾರಣ. ಎರಡು ದಿನದ ರಜೆಯನ್ನು ದಯಪಾಲಿಸಬೇಕು. ಇಂತು ತಮ್ಮ ಆಜ್ಞಾಧಾರಕ.* ಅಪ್ಪ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದ. ಎರಡೂವರೆ ತಿಂಗಳು ಆ ಅರ್ಜಿಯನ್ನು ಗಂಟು ಗಂಟಾಗಿ ನೂಲಿಗೆ ಕಟ್ಟಿದ. ಸೀರೆಯ ಸೆರಗಿನಲ್ಲಿ ಯಾರು ಅಕ್ಷರ ಓದುತ್ತಾರೆ? ಹೂವೆಂದೇ ನೋಡುತ್ತಾರೆ. ಕೆಂಪಿನ ಮೇಲೆ ಬಿಳಿಯದು, ಅಂಚು ಕದಡಿದ ಹೂವು. ಒಮ್ಮೆ ಮಾತ್ರ ಗುರುಬಾರಿಯ ಮಗಳು ಹೊಸದಾಗಿ ಓದಲು ಕಲಿತವಳು ಸೆರಗಿನ ಮೇಲೆ ಬೆರಳಿಟ್ಟು "ಪೂ... ಜ್ಯ..." ಎಂದು ಕೂಡಿಸತೊಡಗಿದ್ದಳು, ಅವನು ಹಾರಿಹೋಗಿ, "ಎಂಜಲು ಕೈಯಲ್ಲಿ ಅಜ್ಜನ ಸೀರೆ ಮುಟ್ತೀಯಾ!" ಎಂದು ಗದರಿಸಿ ಕಿತ್ತುಕೊಂಡಿದ್ದ. ಆ ಮಗು ಇವತ್ತಿಗೂ ಮಾಮನನ್ನು ಕಂಡರೆ ಕೈ ಹಿಂದೆ ಕಟ್ಟಿಕೊಳ್ಳುತ್ತದೆ, ತಾನೇ ಎರಡು ಮಕ್ಕಳ ತಾಯಿಯಾದ ಮೇಲೂ.

ಹಿಂದಿನ ಬೀದಿಗೆ ಇನ್ನೂರು ಹೆಜ್ಜೆ. ಮನೆಮನೆಯ ಮುಂದೆ ಬಣ್ಣ ಹಾಕಿದ ನೂಲಿನ ಲಡಿಗಳು ಬಿದಿರಿನ ಮೇಲೆ ಒಣಗುತ್ತಿದ್ದವು. ಒಳಗಿನಿಂದ ಮಗ್ಗಗಳ ಸದ್ದು. "ಗುರುಬಾರಿಗೆ ಮೈ ಸರಿಯಿಲ್ಲ, ಇನ್ನೊಂದು ದಿನ ನೋಡಬಹುದು" ಎಂದ ಆರ್ತತ್ರಾಣ. "ನಿನ್ನೆ ತಾನೇ ನನ್ನ ಜೊತೆ ಕೆರೆಗೆ ಬಂದು ಎರಡು ಕೊಡ ಹೊತ್ಕೊಂಡು ಬಂದ್ಲು" ಎಂದಳು ಸೇಬತಿ. ಅವನು ಮುಂದೆ ನಡೆದ. ಚಿಕ್ಕಂದಿನಲ್ಲಿ ಛಡಿಯೇಟು ತಿನ್ನಲು ಮೇಷ್ಟರ ಮೇಜಿನವರೆಗೆ ನಡೆಯಬೇಕಿತ್ತಲ್ಲ, ಅದೇ ದೂರ. ಅಪ್ಪ ಸತ್ತಾಗ ಗುರುಬಾರಿ ಗಂಡನ ಊರಿನಿಂದ ಎತ್ತಿನ ಗಾಡಿಯಲ್ಲಿ ಇದೇ ಬೀದಿಗೆ ಬಂದಿಳಿದಳು, ಕಂಕುಳಲ್ಲಿ ಆ ಸೀರೆ. ಅಳದೆ, ಯಾರನ್ನೂ ಕೇಳದೆ, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಅಡ್ಡಕ್ಕೆ ಹರಿದು, "ಅರ್ಧ ನಿಂಗೆ ಬುವಾ, ಅರ್ಧ ನಂಗೆ" ಎಂದು ಕೆಳಗಿನ ಎರಡು ಸಾಲನ್ನು ಹೆಣದ ಮೇಲೆ ಹೊದಿಸಿದಳು. ಚಿತೆಗೆ ಬೆಂಕಿ ಹಿಡಿದು ನಿಂತಾಗ ಅಪ್ಪನ ಎದೆಯ ಮೇಲಿನ ಬಿಳಿ ಅಕ್ಷರಗಳನ್ನು ಓದಬಲ್ಲವನು ಅಲ್ಲಿ ತಾನೊಬ್ಬನೇ ಇದ್ದ. ಎರಡು ದಿನದ ರಜೆಯನ್ನು ದಯಪಾಲಿಸಬೇಕು. ಇಂತು ತಮ್ಮ ಆಜ್ಞಾಧಾರಕ. ಅವನ ಬಾಯಿಂದ ಹೊರಟ ಸದ್ದು ಅಳುವೋ ನಗುವೋ ಅವನಿಗೇ ತಿಳಿಯಲಿಲ್ಲ. ಜನ ಅಳು ಎಂದುಕೊಂಡು ಭುಜ ಹಿಡಿದರು. ಆಮೇಲಿನ ವರ್ಷಗಳಲ್ಲಿ ಅವನಿಗೆ ಇದ್ದದ್ದು ಒಂದೇ ಸಮಾಧಾನ: ಅಪ್ಪನಿಗೆ ಗೊತ್ತಾಗಲಿಲ್ಲ. ಎಲ್ಲವೂ ಬರೆದಿದೆ ಎಂದು ನಂಬಿ, ನೆಮ್ಮದಿಯಾಗಿ ಹೋದ. ಮೋಸ ಹೋದವನಿಗೆ ನೋವಿಲ್ಲವಲ್ಲ, ನೋವೆಲ್ಲ ಮಾಡಿದವನದು. ಆ ಲೆಕ್ಕದಲ್ಲಿ ತಾನೇ ಅಪ್ಪನ ಪಾಲಿನ ನೋವನ್ನೂ ಹೊತ್ತಿದ್ದೇನೆ ಎಂದು ಒಂದು ಬಗೆಯ ಹೆಮ್ಮೆಯೂ ಅವನಿಗಿತ್ತು.

ಗುರುಬಾರಿ ಮಗ್ಗದ ಮನೆಯ ಜಗಲಿಯಲ್ಲಿ ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಣ್ಣು ಕೂದಲು, ಬಾಯಲ್ಲಿ ಎಲೆಯಡಿಕೆ. ಒಳಗೆ ಸೊಸೆ ನೇಯುತ್ತಿದ್ದಳು. "ಏನು ದಾದಾ, ಇವತ್ತು ಹೆಂಡತಿ ಸಮೇತ ಮೆರವಣಿಗೆ? ಯಾರಿವಳು ಈ ನುನಿ, ಈ ಹುಡುಗಿ? ಮುಖ ನೋಡಿದ್ರೆ ಓದಿದವಳ ಹಾಗಿದಾಳೆ, ಮೊಣಕಾಲು ನೋಡಿದ್ರೆ ನಮ್ಮೋಳ ಹಾಗೇ ದೊಪ್ಪಂತ ಕೂರ್ತಾಳೆ" ಎಂದಳು. ಕುಮುದಿನಿ ನೆಲದಲ್ಲೇ ಕೂತುಬಿಟ್ಟಿದ್ದಳು. ವಿಷಯ ಕೇಳಿದ ಮೇಲೆ ಗುರುಬಾರಿಯ ಮುಖ ಹುಡುಗಿಯದಾಯಿತು. ಉಗಿದು ಬಾಯಿ ಮುಕ್ಕಳಿಸಿದಳು, ಕೈ ತೊಳೆದಳು, ಒಳಗೆ ಹೋಗಿ ಬೇವಿನೆಲೆ ವಾಸನೆಯ ಗಂಟೊಂದನ್ನು ತಂದು ತೊಡೆಯ ಮೇಲೆ ಬಿಚ್ಚಿದಳು.

ಕೆಂಪು ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು. ಅಕ್ಷರಗಳ ಅಂಚು ನೀರಿನಲ್ಲಿ ಕಂಡ ಹಾಗೆ ಕದಡಿತ್ತು. ಗುರುಬಾರಿ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. "ಬುವಾ ಹೀಗೇ ಕಲಿಸಿದ್ದು. ನಂಗೆ ಓದೋಕೆ ಬರಲ್ಲ ನುನಿ. ಈ ಗಂಟಿಗೆ ಈ ಮಾತು, ಈ ಗಂಟಿಗೆ ಈ ಮಾತು ಅಂತ ಹೇಳ್ಕೊಟ್ಟ. ಬೆರಳು ಇಟ್ರೆ ತಾನೇ ಬರ್ತದೆ." ಬೆರಳು ಮುಂದೆ ಸರಿಯಿತು, ಅವಳು ಹಾಡಿದಳು, ಬಿರುಕು ಬಿಟ್ಟ ದನಿಯಲ್ಲಿ, ಸೆರಗಿನ ಒಂದೊಂದು ಸಾಲಿಗೆ ಹಾಡಿನ ಎರಡೆರಡು ತುಂಡು, ಮಗ್ಗದ ಸದ್ದಿನ ಗತಿಗೆ ಸರಿಯಾಗಿ:

ಲಾಳಿ ಹೋಯ್ತು ಆಚೆ ದಡಕೆ, ಲಾಳಿ ಬಂತು ಈಚೆ ದಡಕೆ,
ನಡುವೆ ಹೊಳೆಗೆ ನೀರೇ ಇಲ್ಲ, ಯಾರ ದಾಟಿಸ್ತಿ ಅಂಬಿಗಾ.
ಮಗಳ ದಾಟಿಸಿ ಬಂದೆ ನೋಡು, ಮಗನ ದಾಟಿಸಿ ಬಂದೆ ನೋಡು,
ತಿರುಗಿ ನೋಡಿದ ಮಗನ ಕಣ್ಣು ದಡಕೆ ತಾಗದೆ ಹೋಯಿತು...

ಒಳಗೆ ಸೊಸೆಯ ಮಗ್ಗ ನಿಂತಿತ್ತು. ಆರ್ತತ್ರಾಣನ ಕಿವಿಯೊಳಗೆ ಏನೋ ಬಿಟ್ಟುಕೊಂಡಿತು. ಗಂಜಿಯ ವಾಸನೆ, ಗುಂಡಿಯ ಅಂಚಿನಲ್ಲಿ ಅಪ್ಪನ ಬಿರಿದ ಹಿಮ್ಮಡಿ. ಇದನ್ನು ನಾನು ಕೇಳಿದ್ದೆ. ಇದಕ್ಕೆ "ಬಂತು ಬುವಾ" ಎಂದಿದ್ದೆ. ಅವನು ಕಣ್ಣೆತ್ತಿದಾಗ ಕುಮುದಿನಿ ಹಾಡುವವಳನ್ನಲ್ಲ, ಬಟ್ಟೆಯನ್ನು ನೋಡುತ್ತಿದ್ದಳು. ಪೆನ್ನು ಮುಚ್ಚಿಯೇ ಇತ್ತು. ಬಟ್ಟೆಯ ಮೇಲೆ ಇದೆಯಲ್ಲ, ಆಮೇಲೆ ಇಳಿಸಿಕೊಂಡರಾಯಿತು ಎಂದು ಒಂದು ಮಾತನ್ನೂ ಬರೆದುಕೊಂಡಿರಲಿಲ್ಲ. ಅವಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. 'ತಂದೆಯವರು' ಎನ್ನುವಲ್ಲಿ ನಿಂತುಹೋದವು.

ಗುರುಬಾರಿಯ ಬೆರಳು ಹರಿದ ಅಂಚಿಗೆ ಬಂದು ನಿಂತಿತು. ಕಣ್ಣು ತೆರೆದಳು. "ಇಲ್ಲಿಂದ ಮುಂದೆ ಬಟ್ಟೆ ಇಲ್ಲ. ಬುವಾನ ಮೈಮೇಲಿತ್ತು. ಬುವಾನ ಜೊತೆಗೇ ಹೋಯ್ತು. ಗಂಟು ಇಲ್ದೆ ನಂಗೆ ಮಾತು ಬರಲ್ಲ."

"ಪುಸ್ತಕದಲ್ಲಿ ಪೂರ್ತಿ ಇತ್ತು. ಗೆದ್ದಲು ತಿಂತಂತೆ" ಎಂದಳು ಸೇಬತಿ ಮರುಗುತ್ತ.

"ಯಾವ ಪುಸ್ತಕ?" ಗುರುಬಾರಿ ನಕ್ಕಳು. "ಆ ಸೊನ್ನೆ ಪುಸ್ತಕಾನಾ?"

ಬೀದಿಯಲ್ಲಿ ಯಾರದೋ ಎತ್ತಿನ ಗಂಟೆ ಹಾದುಹೋಯಿತು. "ನಿಂಗೆ... ಯಾರು ಹೇಳಿದ್ದು?" ಎಂದ ಆರ್ತತ್ರಾಣ. ಮನೆಮಾತಿನಲ್ಲೇ ಕೇಳಿದ್ದ, ಅವನಿಗೇ ಅರಿವಿಲ್ಲದೆ.

"ಬುವಾ ಹೇಳಿದ್ದು, ಇನ್ಯಾರು? ಎರಡನೇ ದಿನಾನೇ ಗೊತ್ತಾಗಿತ್ತು ಅವನಿಗೆ. ನಮ್ಮೋರ ಕಣ್ಣಿಗೆ ಅದೊಂದು ಕಷ್ಟಾನಾ ದಾದಾ? ನೂರು ಎಳೇಲಿ ಒಂದು ಎಳೆ ಜಾರಿದ್ರೆ ಕಾಣೋ ಕಣ್ಣು. 'ನುನಿ, ನಿನ್ನ ದಾದಾ ಪುಟ ಪೂರ್ತಿ ಒಂದೇ ಗಂಟು ಕಟ್ಟಿದಾನೆ ನೋಡು, ಹಾಡು ಬೇರೆ ಬೇರೆ, ಗಂಟು ಮಾತ್ರ ಒಂದೇ' ಅಂದ. ನಾನು ಸಣ್ಣೋಳು, ಹೋಗಿ ಜಗಳ ತೆಗೀತೀನಿ ಅಂದೆ. ಸುಮ್ನಿರು ಅಂತ ಬಾಯಿ ಮುಚ್ಚಿಸಿದ."

"ಮತ್ತೆ ಯಾಕೆ ಹೇಳ್ತಿದ್ದ? ತಿಂಗಳು ಪೂರ್ತಿ ಯಾಕೆ ಹಾಡ್ದ?"

ಗುರುಬಾರಿ ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ಅಣ್ಣನನ್ನು ನೋಡಿದಳು. "ನಿಲ್ಲಿಸಿದ್ರೆ ನೀನು ಎದ್ದು ಹೋಗ್ತಿದ್ಯಲ್ಲ."

ಮೂವತ್ತೆಂಟು ವರ್ಷ ಒರಗಿಕೊಂಡಿದ್ದ ಗೋಡೆ ಹಿಂದಿನಿಂದ ಸರಿದ ಹಾಗಾಯಿತು. ಹಾಗಾದರೆ ಪ್ರತಿ ಮಧ್ಯಾಹ್ನ ಕೈ ತೊಳೆದುಕೊಂಡು ಬಂದು ಕೂತವನಿಗೆ ಗೊತ್ತಿತ್ತು. "ಬಂತಾ?" ಎಂದು ಕೇಳುವಾಗಲೂ ಗೊತ್ತಿತ್ತು. "ಬಂತು ಬುವಾ" ಎಂದದ್ದನ್ನು ಒಂದೊಂದು ಸಲವೂ ತಲೆಯಾಡಿಸಿ ತೆಗೆದುಕೊಂಡಿದ್ದ. ನೋವೆಲ್ಲ ತನ್ನದೇ ಎಂದು ಇಷ್ಟು ದಿನ ಹೊತ್ತು ತಿರುಗಿದ್ದ. ಅದರ ದೊಡ್ಡ ಪಾಲನ್ನು ಆ ಮನುಷ್ಯ ಆಗಲೇ, ಸದ್ದಿಲ್ಲದೆ, ತನ್ನ ಎದುರಿಗೇ ತೆಗೆದುಕೊಂಡಿದ್ದ.

ಗುರುಬಾರಿ ಹೇಳುತ್ತಲೇ ಇದ್ದಳು. "ಆದ್ರೆ ದಾದಾ, ನನ್ನ ಸೀರೆಗೆ ನೀನು ಬರ್ಕೊಟ್ಟೆ ನೋಡು ಹಾಳೆ, ಅದನ್ನ ತಗೊಂಡು ಬುವಾ ಇಲ್ಲೇ ಬೆಳಕಿಗೆ ಬಂದು ನಿಂತ. ಒಂದೊಂದೇ ಗಂಟು ನೋಡ್ದ. ಎಲ್ಲ ಬೇರೆ ಬೇರೆ. ಒಂದರ ಹಾಗೆ ಒಂದಿಲ್ಲ. 'ನುನಿ, ಇದನ್ನ ಮಾತ್ರ ಬರೆದಿದಾನೆ ಕಣೆ! ನಾಲ್ಕು ಸಾಲಾದ್ರೂ ಕೇಳಿಸ್ಕೊಂಡಿ­ದಾನೆ!' ಅಂತ ಅವತ್ತು ದಿನ ಪೂರ್ತಿ ನಗ್ತಾನೇ ಇದ್ದ. ಮಾ ಬೈದ್ಳು, ಮದುವೆ ಮನೇಲಿ ಹುಚ್ಚು ಹಿಡೀತಾ ಅಂತ. ಆ ನಾಲ್ಕು ಸಾಲು ಕಟ್ಟುವಾಗ ಯಾರನ್ನೂ ಮುಟ್ಟಗೊಡಲಿಲ್ಲ." ಅವಳು ಸೆರಗನ್ನು ಕುಮುದಿನಿಯ ಕಡೆ ತಳ್ಳಿದಳು. "ಓದು ನುನಿ. ನೀನು ಓದಿದೋಳು. ನಾನು ಹಾಡಿದ್ರಲ್ಲಿ ಒಂದು ಮಾತು ಹೆಚ್ಚುಕಮ್ಮಿ ಆಗಿದ್ರೆ ಹೇಳು. ವಯಸ್ಸಾಯ್ತಲ್ಲ."

ಕುಮುದಿನಿ ಆರ್ತತ್ರಾಣನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎಲ್ಲ ಸರಿಯಾಗಿದೆ ಅಜ್ಜಿ ಎನ್ನಲು ಅವಳು ಬಾಯಿ ತೆರೆಯುತ್ತಿದ್ದಾಳೆ ಎನ್ನುವುದು ಅವನಿಗೆ ಕಂಡಿತು. ಅಂದುಬಿಡುತ್ತಾಳೆ. ತನ್ನ ಕೆಲಸವನ್ನೇ ಕೆಡಿಸಿಕೊಂಡು, ಗುರುತಿಲ್ಲದ ಮುದುಕಿಗಾಗಿ ಅಂದುಬಿಡುತ್ತಾಳೆ. ಆಗ "ಬಂತು" ಎನ್ನುವವರು ಲೋಕದಲ್ಲಿ ಇನ್ನೊಬ್ಬರು ಹೆಚ್ಚಾಗುತ್ತಾರೆ. ಅವನು ಬಗ್ಗಿ ಸೆರಗನ್ನು ತನ್ನ ತೊಡೆಗೆ ಎಳೆದುಕೊಂಡ. ತಂಗಿ ಇಟ್ಟಿದ್ದಲ್ಲಿಯೇ ಬೆರಳಿಟ್ಟ. ಬೇರೆ ದನಿಯಲ್ಲಿ ಓದಬೇಕೆಂದಿದ್ದ, ಆದರೆ ಓದುವುದಕ್ಕೆ ಅವನಲ್ಲಿ ಇದ್ದದ್ದು ಕ್ಲಾಸಿನ ದನಿಯೊಂದೇ.

"ಪೂಜ್ಯರ ಸನ್ನಿಧಿಗೆ ಸವಿನಯ ಪ್ರಾರ್ಥನೆ," ಎಂದು ಓದಿದ. ಬೆರಳನ್ನು ಕೆಳಗಿನ ಸಾಲಿಗೆ ತಂದ. "ನನ್ನ ತಂದೆಯವರು ಅಸ್ವಸ್ಥರಾಗಿರುವ ಕಾರಣ." ಅಲ್ಲಿಗೆ ಹರಿದ ಅಂಚು. "ಇಷ್ಟೇ ಇರೋದು ಗುರುಬಾರಿ. ಹಾಡಲ್ಲ. ರಜೆ ಅರ್ಜಿ. ನಾನು ಮೇಷ್ಟ್ರಿಗೆ ಬರೆದಿದ್ದು. ಜೇಬಲ್ಲಿತ್ತು, ಕೊಟ್ಟೆ."

ಸೇಬತಿ ತನ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಬಾರಿ ಮಾತ್ರ ಬಟ್ಟೆಯನ್ನೇ ನೋಡಿದಳು, ಅರ್ಥವಾಗದ್ದನ್ನು ಒಂದು ಕಡೆಯಿಂದ ಕೂಡಿಸುತ್ತ ಬರುವವಳ ಹಾಗೆ. ಆಮೇಲೆ ಕೇಳಿದಳು:

"ಬುವಾಗೆ ಆಗ ಕಾಯಿಲೆ ಏನೂ ಇರ್ಲಿಲ್ವಲ್ಲ?"

"ಇರಲಿಲ್ಲ."

"ಚೆನ್ನಾಗೇ ಇದ್ದ."

"ಚೆನ್ನಾಗೇ ಇದ್ದ."

ಅವಳು ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಬೆರಳು ಸರಿಯಲಿಲ್ಲ. ಇನ್ನೊಮ್ಮೆ ಇಟ್ಟಳು, ಇನ್ನೊಂದು ಅಕ್ಷರದ ಮೇಲೆ, ಬಿಸಿ ಪಾತ್ರೆ ಮುಟ್ಟಿ ನೋಡುವ ಹಾಗೆ. "ಬರ್ತಾ ಇಲ್ಲ" ಎಂದಳು ಮೆಲ್ಲಗೆ, ಯಾರ ಮೇಲೂ ತಪ್ಪು ಹೊರಿಸದೆ. "ಈಗ ನೀನು ಓದಿದ್ದೇ ಬರ್ತದೆ." ಸೆರಗನ್ನು ಅದರ ಹಳೆಯ ಮಡಿಕೆಯಲ್ಲೇ ಮಡಿಸಿ ಗಂಟು ಕಟ್ಟಿದಳು. ಒಳಗೆ ಸೊಸೆ ಏನು ಮಾಡುವುದೆಂದು ತಿಳಿಯದೆ ಮಗ್ಗ ಶುರುಮಾಡಿದಳು, ಮತ್ತೆ ನಿಲ್ಲಿಸಿದಳು.

ಕುಮುದಿನಿ ತನ್ನ ನೋಟ್‌ಬುಕ್ಕನ್ನು ಆರ್ತತ್ರಾಣನ ತೊಡೆಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. "ಈಗ ತಾನೇ ಕೇಳಿದ್ರಲ್ಲ ಸಾರ್," ಎಂದಳು. "ಕಿವೀಲಿ ಆರೋದ್ರೊಳಗೆ ಬರೀರಿ. ನನ್ನ ಪುಸ್ತಕದ ವಿಚಾರ ಬಿಡಿ. ಸುಮ್ನೆ ಬರೀರಿ."

ಅವನು ಬರೆಯತೊಡಗಿದ. ಲಾಳಿ ಹೋಯ್ತು ಆಚೆ ದಡಕೆ. ಲಾಳಿ ಬಂತು ಈಚೆ ದಡಕೆ. ಅಕ್ಷರಗಳು ಹೊಸದಾಗಿ ನಡೆಯಲು ಕಲಿತವುಗಳ ಹಾಗೆ ಒಂದರ ಮೇಲೊಂದು ಬಿದ್ದವು. ನಡುವೆ ಹೊಳೆಗೆ ನೀರೇ ಇಲ್ಲ. ಅಲ್ಲಿಂದ ಮುಂದೆ ಅಂಬಿಗ ಇದ್ದ, ಮಗಳಿದ್ದಳು, ಮಗನಿದ್ದ, ಮಗನ ಕಣ್ಣಿಗೆ ಏನೋ ಆಗಿತ್ತು. ಆದರೆ ಯಾರ ಹಿಂದೆ ಯಾರು, ಯಾವ ಮಾತಿನಲ್ಲಿ? ಪೆನ್ನು ಕಾಗದದ ಮೇಲೆ ನಿಂತು ಸಣ್ಣ ಚುಕ್ಕೆ ಮಾಡಿತು. ಬೆರಳೊಳಗೆ ಸುತ್ತು ಶುರುವಾಗುತ್ತಿರುವುದು ಅವನಿಗೆ ತಿಳಿಯಿತು. ಬಹಳ ಸುಲಭದ, ಗುರುತಿನ ಸುತ್ತು. ಗುರುಬಾರಿ ಮುಂದೆ ಬಾಗಿ, ಮೂಗು ಕಾಗದಕ್ಕೆ ತಾಗುವ ಹಾಗೆ, ಅವನ ಕೈಯನ್ನೇ ನೋಡುತ್ತಿದ್ದಳು, ಗಂಟುಗಳು ಬೇರೆ ಬೇರೆಯಾಗಿವೆಯೇ ಎಂದು.

"ಬಂತಾ?" ಎಂದಳು.

ಅವನು ಪೆನ್ನನ್ನು ಕಾಗದದಿಂದ ಎತ್ತಿದ.

"ಇಲ್ಲ ನುನಿ," ಎಂದ. "ಬಂದಿಲ್ಲ."